ದೊರೆಗೆ ಬಂದ ಕಾಗದ

“ಯಜಮಾನರು ವರ್ಕ್‌ಶಾಪ್ ಮುಚ್ತಾರಂತೆ,” ಎಂದ ಮಗ. ಭಾನುವಾರ ಮಧ್ಯಾಹ್ನ, ಮನೆಯ ಐದು ಜನವೂ ಊಟದ ಮೇಜಿಗೆ ಕೂತಿದ್ದರು. “ಲೇತ್ ಬೇಕಾ ಅಂತ ಮೊದಲು ನನ್ನನ್ನೇ ಕೇಳಿದ್ದಾರೆ. ಎರಡು ತಿಂಗಳು ಕಾಯ್ತಾರೆ. ಆಮೇಲೆ ಗುಜರಿಯವನಿಗೆ.”

ಸಾರು ಬಡಿಸುತ್ತಿದ್ದ ಸೊಸೆಯ ಕೈ ನಿಂತಿತು. ಅವಳ ಗಂಡ ಮೂವತ್ತೈದು ವರ್ಷದಿಂದ ಕಬ್ಬಿಣ ಕಡೆಯುವ ಅದೇ ಲೇತ್ ಯಂತ್ರದ ಮುಂದೆ ನಿಂತು ದುಡಿದವನು. ಹನ್ನೆರಡನೇ ವಯಸ್ಸಿಗೆ ಅಲ್ಲಿ ಕಬ್ಬಿಣದ ಸುರುಳಿ ಗುಡಿಸುವುದಕ್ಕೆ ಸೇರಿ, ಬೈಸಿಕೊಂಡು, ಬೆರಳು ಕುಯ್ದುಕೊಂಡು ಕೆಲಸ ಕಲಿತಿದ್ದ. ಆ ಯಂತ್ರ ಯಾವಾಗ ನಡುಗುತ್ತದೆ, ಯಾವಾಗ ಹಟ ಹಿಡಿಯುತ್ತದೆ ಅನ್ನುವುದು ನಿಮಗೆ ನನ್ನ ಸ್ವಭಾವಕ್ಕಿಂತ ಚೆನ್ನಾಗಿ ಗೊತ್ತು ಎಂದು ಅವಳೇ ಎಷ್ಟೋ ಸಲ ಆಡಿಕೊಂಡಿದ್ದಳು.

“ಅಷ್ಟು ದುಡ್ಡು ಎಲ್ಲಿಂದ ತರ್ತೀಯ?” ಎಂದಳು ಅಜ್ಜಿ.

ಮಗ ಎದುರಿನ ಗೋಡೆ ನೋಡಿದ. ಸೊಸೆಯೂ ನೋಡಿದಳು, ಮೊಮ್ಮಗಳೂ ನೋಡಿದಳು. ಅಜ್ಜನೊಬ್ಬ ತಟ್ಟೆಯಿಂದ ತಲೆ ಎತ್ತಲಿಲ್ಲ.

ಗೋಡೆಯ ಮೇಲೆ ಎರಡು ಚೌಕಟ್ಟುಗಳಿದ್ದವು. ಒಂದರಲ್ಲಿ ದೊರೆಯ ಫೋಟೋ. ಇನ್ನೊಂದರಲ್ಲಿ ದೊರೆಗೆ ಪ್ರಧಾನಿ ಬರೆದ ಕಾಗದ. ತುದಿಯಲ್ಲಿ ಸರ್ಕಾರದ ಮುದ್ರೆ, ನಡುವೆ ಆಗಿನ ಕಾಲದ ದೊಡ್ಡವರು ತಮ್ಮತಮ್ಮಲ್ಲಿ ಬಳಸುತ್ತಿದ್ದ ಪರಭಾಷೆಯಲ್ಲಿ ಟೈಪು ಮಾಡಿದ ಹದಿನಾಲ್ಕು ಸಾಲು, ಕೆಳಗೆ ನೀಲಿ ಶಾಯಿಯ ಸಹಿ. ಆ ಪ್ರಧಾನಿ ಈಗ ಅಂಚೆಚೀಟಿಯ ಮೇಲಿದ್ದಾನೆ, ಶಾಲೆಯ ಪುಸ್ತಕದಲ್ಲಿದ್ದಾನೆ, ದೊಡ್ಡ ವೃತ್ತದಲ್ಲಿ ಕಲ್ಲಾಗಿ ನಿಂತಿದ್ದಾನೆ. ಹೋದ ತಿಂಗಳು ಅವನ ಸಹಿಯಿದ್ದ ಒಂದು ಆಹ್ವಾನಪತ್ರ ಹರಾಜಿನಲ್ಲಿ ಎಷ್ಟಕ್ಕೆ ಹೋಯಿತೆಂದು ಪೇಪರಿನಲ್ಲಿ ಬಂದಿತ್ತು. ಮೊಮ್ಮಗಳು ಅದನ್ನು ಗಟ್ಟಿಯಾಗಿ ಓದಿದ್ದಳು. ಅದಾದ ಮೇಲೆ ಆ ಮನೆಯಲ್ಲಿ ಯಾರೂ ಗೋಡೆಯನ್ನು ಮೊದಲಿನ ಹಾಗೆ ನೋಡುತ್ತಿರಲಿಲ್ಲ.

“ಅದನ್ನ ಮುಟ್ಟೋ ಮಾತು ಬೇಡ,” ಎಂದ ಅಜ್ಜ, ಬ್ರೆಡ್ಡು ಮುರಿಯುತ್ತ.

“ನಾನಿನ್ನೂ ಏನೂ ಕೇಳಿಲ್ಲವಲ್ಲ ಅಪ್ಪ.”

“ಕೇಳಬೇಡ ಅಂತ ಮೊದಲೇ ಹೇಳಿದೆ.”

ಅಜ್ಜ ಅರಮನೆಯಲ್ಲಿ ಅಡುಗೆ ಮಾಡುತ್ತಿದ್ದವನು. ಬೀದಿಯವರು ಅವನನ್ನು ಇವತ್ತಿಗೂ ಬಾಣಸಿಗರು ಎಂದೇ ಕರೆಯುತ್ತಿದ್ದರು, ಅರ್ಧ ಗೌರವಕ್ಕೆ, ಅರ್ಧ ತಮಾಷೆಗೆ. ದೊರೆಯನ್ನು ಪಟ್ಟದಿಂದ ಇಳಿಸಿ ದೇಶ ಬಿಡಿಸಿದಾಗ ಜೊತೆಗೆ ಹೊರಟ ಐವರು ಸೇವಕರಲ್ಲಿ ಇವನೂ ಒಬ್ಬ. ಆರು ತಿಂಗಳಲ್ಲಿ ಬರ್ತೀನಿ ಎಂದು ಹೋದವನು ತಿರುಗಿ ಬಂದದ್ದು ಹತ್ತೊಂಬತ್ತು ವರ್ಷಕ್ಕೆ, ದೊರೆ ಪರದೇಶದಲ್ಲೇ ಕಣ್ಣು ಮುಚ್ಚಿದ ಮೇಲೆ. ಹೋಗುವಾಗ ಮಗನಿಗೆ ಏಳು ವರ್ಷ, ಮಗಳಿಗೆ ಎರಡು. ನಮ್ಮನ್ನು ವಾಪಸ್ ಬಿಟ್ಟುಕೊಳ್ಳುವುದಿಲ್ಲ, ಬಂದರೆ ಹಡಗಿನಿಂದ ಇಳಿಯುತ್ತಲೇ ಜೈಲು ಎಂದು ವರ್ಷಕ್ಕೆ ಒಂದೋ ಎರಡೋ ಕಾಗದ ಬರೆಯುತ್ತಿದ್ದ. ಅಜ್ಜಿ ಒಂದು ಹೋಟೆಲಿನ ಬಟ್ಟೆ ಒಗೆಯುವ ವಿಭಾಗಕ್ಕೆ ಸೇರಿ ದಿನಕ್ಕೆ ನೂರೈವತ್ತು ಹೊದಿಕೆಗಳಿಗೆ ಇಸ್ತ್ರಿ ಹಾಕಿದಳು. ಅವಳ ಬಲಭುಜ ಈಗ ಕಿವಿಯ ಎತ್ತರಕ್ಕೆ ಏಳುವುದಿಲ್ಲ. ಮಗಳು ಎಂಟನೇ ವಯಸ್ಸಿನಲ್ಲಿ ಹನ್ನೊಂದು ದಿನ ಜ್ವರ ಬಂದು ತೀರಿಕೊಂಡಳು. ಆ ಹನ್ನೊಂದು ದಿನಗಳಲ್ಲಿ ಅಜ್ಜಿ ಹೋಟೆಲಿನ ಗುಮಾಸ್ತನ ಕೈಲಿ ಗಂಡನಿಗೆ ತಂತಿ ಕಳಿಸಿದ್ದಳು. ಉತ್ತರವಾಗಿ ಒಂದು ಕಾಗದ ಬಂತು, ಎರಡು ತಿಂಗಳ ಮೇಲೆ. ನನ್ನ ಕೈಕಾಲು ಕಟ್ಟಿ ಹಾಕಿದ್ದಾರೆ, ನಾನೇನು ಮಾಡಲಿ, ಎಂದು ಅದರಲ್ಲಿ ಬರೆದಿತ್ತು.

ಬಂದವನು ತಂದದ್ದು ಒಂದು ಪೆಟ್ಟಿಗೆ. ಆ ವಾರವೇ ತಾನೇ ಕೂತು ಗಾಜು ಕತ್ತರಿಸಿ, ಹಿಂದೆ ದಪ್ಪ ರಟ್ಟು ಇಟ್ಟು, ಸುತ್ತ ಸಣ್ಣ ಮೊಳೆ ಹೊಡೆದು ಈ ಎರಡು ಚೌಕಟ್ಟು ಮಾಡಿದ್ದ. ಕಾಗದದಲ್ಲಿ ಏನಿದೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: “ಐದು ಜನರ ನಿಷ್ಠೆಯನ್ನ ಪ್ರಧಾನಿ ಹೊಗಳಿದ್ದಾರೆ. ಇಂಥ ಸೇವಕರು ಸಿಕ್ಕಿದ್ದು ನಿಮ್ಮ ಪುಣ್ಯ ಅಂತ ದೊರೆಗೆ ಬರೆದಿದ್ದಾರೆ.” ಆ ಭಾಷೆ ಓದಬಲ್ಲವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ.

ಮುಂದಿನ ಎರಡು ವಾರ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು. ಸೊಸೆ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಹೊಲಿಯುವ ಕೆಲಸ ಮುಗಿಸಿ ಬಂದು ಪಾತ್ರೆಗಳನ್ನು ಒಂದರ ಮೇಲೊಂದು ಕುಕ್ಕಿ ಇಡುತ್ತಿದ್ದಳು. ಮಗ ಅಪ್ಪನಿಗಿಂತ ಮೊದಲೇ ಉಂಡು ಎದ್ದುಬಿಡುತ್ತಿದ್ದ. ಅಜ್ಜ ಎಂದಿನಂತೆ ದಿನಾ ಗಡ್ಡ ಹೆರೆದು, ಬೂಟಿಗೆ ಪಾಲಿಶ್ ಹಾಕಿ, ಎಲ್ಲಿಗೂ ಹೋಗದೆ ಕಿಟಕಿಯ ಪಕ್ಕ ಪೇಪರ್ ಹಿಡಿದು ಕೂರುತ್ತಿದ್ದ.

“ಮಾವ, ಆ ಕಾಲು ಸ್ವಲ್ಪ ಎತ್ತಿ, ಗುಡಿಸಬೇಕು,” ಎಂದಳು ಸೊಸೆ ಒಂದು ದಿನ.

“ಅರಮನೇಲಿ ನಾವು ಕೂತಿರೋ ಕಡೆ ಯಾರೂ ಪೊರಕೆ ತರ್ತಿರಲಿಲ್ಲ.”

“ಅರಮನೇಲಿ ಗುಡಿಸೋರು ಬೇರೆ, ದುಡಿಯೋರು ಬೇರೆ ಇದ್ರಲ್ಲ ಮಾವ. ಇಲ್ಲಿ ಎರಡಕ್ಕೂ ನಾನೊಬ್ಬಳೇ.”

ಕೊನೆಗೆ ಮಾತು ತೆಗೆದವಳು ಅಜ್ಜಿ. ಗಂಡನ ಅಂಗಿಯ ಕಾಲರಿಗೆ ಇಸ್ತ್ರಿ ಹಾಕುತ್ತಿದ್ದಳು, ಎಡಗೈಯಲ್ಲಿ, ಬಲಗೈಯನ್ನು ಊರೆಗೋಲಿನಂತೆ ಮೇಜಿಗೆ ಒತ್ತಿ.

“ರೀ, ಕೊಟ್ಟುಬಿಡಿ ಅದನ್ನ.”

“ಅದು ನನ್ನ ಮರ್ಯಾದೆ ಕಣೇ.”

“ನಿಮ್ಮ ಮರ್ಯಾದೆ ಗೋಡೆ ಮೇಲೆ ಬೆಚ್ಚಗಿದೆ. ಇನ್ನೊಂದೂವರೆ ತಿಂಗಳಿಗೆ ಮಗ ಬೀದೀಲಿ ನಿಲ್ತಾನೆ. ನಲವತ್ತೇಳು ವರ್ಷದವನನ್ನ ಇನ್ಯಾರು ಕೆಲಸಕ್ಕೆ ಕರೀತಾರೆ?”

ಅಜ್ಜ ಪೇಪರನ್ನು ಮಡಿಸಿ, ಮತ್ತೆ ಬಿಚ್ಚಿ, ಮತ್ತೆ ಮಡಿಸಿದ. “ಸರಿ,” ಎಂದ. “ಆದ್ರೆ ಚೌಕಟ್ಟು ಬಿಚ್ಚಬಾರದು. ಹೇಗಿದೆಯೋ ಹಾಗೇ ಮಾರಲಿ. ಅದು ಹಳೇ ಕಾಗದ, ಗಾಳಿ ಬಡಿದ್ರೆ ಪುಡಿಯಾಗುತ್ತೆ.”

ಹಳೆಯ ಕಾಗದಪತ್ರ, ಅಂಚೆಚೀಟಿ, ನಾಣ್ಯ ಮಾರುವ ಅಂಗಡಿ ಕೋರ್ಟಿನ ಹಿಂಬದಿಯಲ್ಲಿ ಒಂದು ಮಹಡಿ ಮೆಟ್ಟಿಲ ಕೆಳಗಿತ್ತು. ಅಂಗಡಿಯಾಕೆ ಅರವತ್ತು ದಾಟಿದ ತೆಳ್ಳಗಿನ ಹೆಂಗಸು. ಮಗನೂ ಮೊಮ್ಮಗಳೂ ಟವೆಲ್ಲಿನಲ್ಲಿ ಸುತ್ತಿಕೊಂಡು ಹೋದ ಚೌಕಟ್ಟನ್ನು ಮೇಜಿನ ಮೇಲೆ ಇಟ್ಟರು. ಅವಳು ಕೈ ತೊಳೆದು ಒರೆಸಿಕೊಂಡು ಬಂದು, ಭೂತಗನ್ನಡಿಯನ್ನು ಮೊದಲು ಸಹಿಯ ಮೇಲೆ ಹಿಡಿದಳು.

“ಅವರದ್ದೇ,” ಎಂದಳು. “ಎಷ್ಟೋ ಕಾಗದಕ್ಕೆ ಅವರ ಕಾರ್ಯದರ್ಶಿ ಸಹಿ ಮಾಡ್ತಿದ್ದ. ಇದು ಹಾಗಲ್ಲ. ಕೊನೇ ಗೆರೆ ಎಳೆಯೋವಾಗ ಅವರು ನಿಬ್ಬನ್ನ ಒತ್ತೋರು. ನೋಡಿ, ಇಲ್ಲಿ ಕಾಗದ ಕೆರೆದಿದೆ.”

“ಅದರಲ್ಲಿ ಏನಿದೆ ಅಂತ ಸ್ವಲ್ಪ ಓದಿ ಹೇಳ್ತೀರಾ ಅಮ್ಮ?” ಎಂದಳು ಮೊಮ್ಮಗಳು. “ನಮ್ಮಜ್ಜನನ್ನ ಹೊಗಳಿ ಬರೆದಿದ್ದಾರಂತೆ.”

ಅಂಗಡಿಯಾಕೆ ಒಮ್ಮೆ ಮನಸ್ಸಿನಲ್ಲೇ ಓದಿಕೊಂಡಳು. ಆಮೇಲೆ ಒಂದೊಂದೇ ಸಾಲಿಗೆ ಬೆರಳಿಟ್ಟು ಅರ್ಥ ಹೇಳಿದಳು.

“ತಾವು ಸ್ವದೇಶಕ್ಕೆ ಮರಳುವ ವಿಚಾರದಲ್ಲಿ ಸರ್ಕಾರದ ನಿಲುವು ಬದಲಾಗಿಲ್ಲ, ಅದಕ್ಕೆ ವಿಷಾದಿಸುತ್ತೇನೆ. ಆದರೆ ತಮ್ಮ ಸೇವೆಯಲ್ಲಿರುವ ಐವರ ಬಗ್ಗೆ ನಮಗೆ ಯಾವ ದ್ವೇಷವೂ ಇಲ್ಲ. ಅವರು ಬಯಸಿದ ದಿನ ತಮ್ಮ ಮನೆಗಳಿಗೆ ಬರಬಹುದು. ಪ್ರಯಾಣದ ರಹದಾರಿ, ಹಡಗಿನ ಟಿಕೆಟ್ಟು ನಮ್ಮ ರಾಯಭಾರ ಕಚೇರಿಯಲ್ಲಿ ಸಿಗುತ್ತವೆ. ಈ ಮಾತನ್ನು ತಾವೇ ಅವರಿಗೆ ತಿಳಿಸಬೇಕೆಂದು ಕೋರುತ್ತೇನೆ.”

ಮಗ ಕುರ್ಚಿಯ ಬೆನ್ನು ಹಿಡಿದುಕೊಂಡ.

“ತಾರೀಖು?” ಎಂದ.

ಅವಳು ಹೇಳಿದಳು. ದೊರೆ ದೇಶ ಬಿಟ್ಟ ನಾಲ್ಕನೇ ವರ್ಷ. ಮಗ ಶಾಲೆ ಬಿಟ್ಟು ವರ್ಕ್‌ಶಾಪಿನ ಪೊರಕೆ ಹಿಡಿದದ್ದು ಅದರ ಮರುವರ್ಷ.

“ನಮ್ಮಪ್ಪನಿಗೆ ಆ ಭಾಷೆ ಓದೋಕೆ ಬರಲ್ಲ,” ಎಂದ ಅವನು. “ದೊರೆ ಏನೋ ಒಂದು ಸುಳ್ಳು ಹೇಳಿ ಇದನ್ನ ಕೈಗೆ ಕೊಟ್ಟಿದ್ದಾರೆ. ಅಡುಗೆಗೆ ಜನ ಬೇಕಲ್ಲ.”

“ಇರಬಹುದು,” ಎಂದಳು ಅಂಗಡಿಯಾಕೆ. ಕೊಳ್ಳುವವರಿದ್ದಾರೆ, ಒಳ್ಳೆಯ ಬೆಲೆಯೇ ಬರುತ್ತದೆ, ಆದರೆ ರಟ್ಟು ತೆಗೆದು ಹಾಳೆಯನ್ನು ಬೆಳಕಿಗೆ ಹಿಡಿದು ನೋಡದೆ ಯಾರೂ ಕೊಳ್ಳುವುದಿಲ್ಲ ಎಂದಳು. ಪರೀಕ್ಷೆ ಮಾಡುವವರು ಬರುವುದು ಮೂರು ವಾರಕ್ಕೆ. ಆವತ್ತು ನೀವೂ ಬನ್ನಿ, ನಿಮ್ಮೆದುರಿಗೇ ಬಿಚ್ಚೋಣ. ಮಗ ಒಪ್ಪಿದ. ಒಳಗಿನ ವಿಷಯ ಗೊತ್ತಾದ ಮೇಲೆ ಅಪ್ಪನಿಗೆ ಚೌಕಟ್ಟಿನ ಮೇಲೆ ಇನ್ನೇನು ಮೋಹ ಇರುತ್ತದೆ ಎಂದುಕೊಂಡ. ರಸೀದಿ ಬರೆಸಿಕೊಂಡು ಬರಿಗೈಯಲ್ಲಿ ಮನೆಗೆ ಬಂದರು.

“ಚೌಕಟ್ಟೆಲ್ಲಿ?” ಬಾಗಿಲಲ್ಲೇ ಕೇಳಿದ ಅಜ್ಜ.

“ಅಂಗಡೀಲಿದೆ ಅಪ್ಪ.”

“ಬಿಚ್ಚಿದ್ರಾ?”

“ಇಲ್ಲ. ನೀವು ಮೊದಲು ಕೂತ್ಕೊಳ್ಳಿ.”

ಮಗ ಹೇಳಿದ. ಅರ್ಧಕ್ಕೆ ಅವನು ಕಿಟಕಿಯ ಕಡೆ ತಿರುಗಿದ, ಉಳಿದದ್ದನ್ನು ಮೊಮ್ಮಗಳು ಹೇಳಿದಳು. ಸೊಸೆ ಒಲೆ ಆರಿಸಿ ಬಂದು ನಿಂತಳು. ಅಜ್ಜ ತನ್ನ ಎರಡು ಅಂಗೈಗಳನ್ನು ಮೇಜಿನ ಮೇಲೆ ಹರಡಿ ಅವನ್ನೇ ನೋಡುತ್ತ ಕೂತಿದ್ದ. ಎಲ್ಲರೂ ಅವನ ಬಾಯಿ ನೋಡುತ್ತಿದ್ದರು.

“ದೊರೆ ನನಗೆ ಹೀಗೆ ಮಾಡ್ತಾರೆ ಅಂತ ನಾನು ಅಂದ್ಕೊಂಡಿರಲಿಲ್ಲ,” ಎಂದ.

ಅಜ್ಜಿ ಎದ್ದಳು. ಕುರ್ಚಿಯ ಮೇಲೆ ಹತ್ತಿ, ಏಳದ ತೋಳನ್ನು ಹೇಗೋ ಏಳಿಸಿ ದೊರೆಯ ಫೋಟೋ ಇಳಿಸಿದಳು. ಹಿಂಬಾಗಿಲಿಂದ ಹೋಗಿ ಕಸದ ಡಬ್ಬಿಯೊಳಗೆ ಮುಖ ಕೆಳಗಾಗಿ ಹಾಕಿದಳು. ಗಾಜು ಒಡೆದ ಸದ್ದಾಯಿತು.

“ನನ್ನ ಗಂಡನನ್ನ ಹತ್ತೊಂಬತ್ತು ವರ್ಷ ಕದ್ದಿಟ್ಟುಕೊಂಡ ಕಳ್ಳ,” ಎಂದಳು ಒಳಗೆ ಬಂದು, “ಇಷ್ಟು ವರ್ಷ ನಾನೇ ಅವನ ಧೂಳು ಒರೆಸಿದೆ.”

ಅಜ್ಜ ತನ್ನ ಅಂಗೈಗಳನ್ನೇ ನೋಡುತ್ತಿದ್ದ.

ಆ ಮೂರು ವಾರ ಆ ಮನೆ ಹಿಂದೆಂದೂ ಇಲ್ಲದ ಹಾಗಿತ್ತು. ಮಗ ಕೆಲಸ ಮುಗಿಸಿ ಬರುವಾಗ ಅಪ್ಪನಿಗೆ ಬೇಕರಿಯಿಂದ ಮೆತ್ತನೆಯ ಬನ್ನು ತಂದ. ಬುಧವಾರ ರಜೆ ಹಾಕಿ ಅವನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದು ಕನ್ನಡಕ ಬದಲಿಸಿದ. ದಾರಿಯಲ್ಲಿ ರಸ್ತೆ ದಾಟುವಾಗ ಅಪ್ಪನ ಮೊಣಕೈ ಹಿಡಿದುಕೊಂಡ. ಹಾಗೆ ಹಿಡಿದದ್ದು ಅವನಿಗೆ ನೆನಪಿರುವ ಮಟ್ಟಿಗೆ ಅದೇ ಮೊದಲು.

“ನಾನು ನಿಮ್ಮನ್ನ ತುಂಬ ಬೈಕೊಂಡಿದ್ದೀನಿ ಅಪ್ಪ,” ಎಂದ. “ಮನಸ್ಸಿನಲ್ಲೇ. ಮಕ್ಕಳಿಗಿಂತ ಅವನಿಗೆ ದೊರೆ ಹೆಚ್ಚಾದ ಅಂತ.”

“ಆಯ್ತು ಬಿಡು. ಹಳೇದು,” ಎಂದ ಅಜ್ಜ.

ಸೊಸೆ ಪೊರಕೆ ಹಿಡಿದಾಗ ಅವನ ಕುರ್ಚಿಯನ್ನು ಬಳಸಿಕೊಂಡು ಗುಡಿಸಿದಳು. ಮೊಮ್ಮಗಳು ಟೈಪಿಂಗ್ ಕ್ಲಾಸಿನಿಂದ ಬಂದು ಅವನ ಪಕ್ಕ ಕೂತು ಪರದೇಶದ ಕಥೆ ಕೇಳಿದಳು.

ಅಜ್ಜಿ ಅದಕ್ಕಿಂತ ದೊಡ್ಡದನ್ನು ಕೊಟ್ಟಳು. ಇಪ್ಪತ್ತೊಂದು ವರ್ಷದಿಂದ ಒಂದೇ ಸೂರಿನಡಿ ಇದ್ದರೂ ಅವಳು ಗಂಡನಿಗೆ ತೀರಿಹೋದ ಮಗಳು ಚಿಕ್ಕವಳ ಕೊನೆಯ ದಿನಗಳ ವಿಷಯ ಹೇಳಿರಲಿಲ್ಲ. ಅವನೂ ಕೇಳಿರಲಿಲ್ಲ. ಒಂದು ಮಧ್ಯಾಹ್ನ ಬಟಾಣಿ ಸುಲಿಯುತ್ತ ಹೇಳಿದಳು. ಮೊದಲ ಮೂರು ದಿನ ಬರೀ ಬಿಸಿ ಇತ್ತು, ಆಟವಾಡುತ್ತಿದ್ದಳು. ಐದನೇ ದಿನ ಹೊಟ್ಟೆಯಲ್ಲಿ ನೀರೂ ನಿಲ್ಲಲಿಲ್ಲ. ಹೋಟೆಲಿನವರು ರಜೆ ಕೊಡದೆ ಎರಡು ದಿನ ಅವಳನ್ನು ಅಣ್ಣನ ಕೈಗೆ ಬಿಟ್ಟು ಹೋಗಬೇಕಾಯಿತು. ಎಂಟನೇ ದಿನದಿಂದ ಬಾಗಿಲು ಸದ್ದಾದಾಗಲೆಲ್ಲ ಅಪ್ಪ ಬಂದ್ರಾ ಅನ್ನುತ್ತಿದ್ದಳು. “ಎರಡು ವರ್ಷದ ಕೂಸನ್ನ ಬಿಟ್ಟು ಹೋಗಿದ್ರಿ, ನಿಮ್ಮ ಮುಖವೇ ನೆನಪಿರಲಿಲ್ಲ ಅದಕ್ಕೆ. ಆದ್ರೂ ಕೇಳ್ತಿತ್ತು. ದಾರೀಲಿದ್ದಾರೆ ಮಲಕ್ಕೋ ಅಂತಿದ್ದೆ.”

ಅಜ್ಜನ ಕಣ್ಣಲ್ಲಿ ನೀರು ಬಂತು. ಅಜ್ಜಿ ಬಟಾಣಿಯ ತಟ್ಟೆ ಪಕ್ಕಕ್ಕಿಟ್ಟು, ಸೆರಗಿನಿಂದ ಅವನ ಮುಖ ಒರೆಸಿದಳು. “ನೀವೇನು ಮಾಡ್ತೀರಿ,” ಎಂದಳು. “ನಿಮಗೆ ಗೊತ್ತೇ ಇರಲಿಲ್ಲ.”

ಮೂರು ವಾರ ಕಳೆದು ಮಗ, ಮೊಮ್ಮಗಳು ಮತ್ತೆ ಅಂಗಡಿಗೆ ಹೋದರು. ಅಂಗಡಿಯಾಕೆಯ ಪಕ್ಕದಲ್ಲಿ ಕಾಗದ ಪರೀಕ್ಷೆ ಮಾಡುವ ಗಿಡ್ಡನೆಯ ಮನುಷ್ಯ ಕೂತಿದ್ದ. ಅವನು ಚೌಕಟ್ಟನ್ನು ಮಗುಚಿ ಹಾಕಿ, ಸಣ್ಣ ಇಕ್ಕಳದಿಂದ ಮೊಳೆಗಳನ್ನು ಒಂದೊಂದಾಗಿ ಕಿತ್ತು, ರಟ್ಟನ್ನು ಎತ್ತಿದ.

“ಹಿಂದುಗಡೆ ಏನೋ ಬರೆದಿದೆ,” ಎಂದ. “ಪೆನ್ಸಿಲ್. ನಮ್ಮ ಭಾಷೇಲೇ ಇದೆ.”

ಮಗನಿಗೆ ಓದುವ ಕನ್ನಡಕ ಮನೆಯಲ್ಲೇ ಉಳಿದಿತ್ತು. ಮೊಮ್ಮಗಳು ಬಗ್ಗಿ ಓದಿದಳು. ಮೊದಲ ಸಾಲು ಓದುವಾಗಲೇ ಅವಳ ಧ್ವನಿ ಸಣ್ಣದಾಯಿತು. ಅಂಗಡಿಯಾಕೆ ಮೂರು ವಾರದ ಹಿಂದೆ ಹೇಳಿದ್ದ ಅರ್ಥವೇ ಅಲ್ಲಿ ಸಾಲು ಸಾಲಾಗಿ ಬರೆದಿತ್ತು. ಐವರ ಬಗ್ಗೆ ದ್ವೇಷವಿಲ್ಲ. ಬಯಸಿದ ದಿನ ಮನೆಗೆ ಬರಬಹುದು. ಟಿಕೆಟ್ಟು ಸಿಗುತ್ತದೆ. ಕೆಳಗೆ: ದೊರೆಗಳು ತನಗೆ ಕೊಟ್ಟ ಈ ಕಾಗದವನ್ನು ಬಾಣಸಿಗರು ತಂದು ಕೇಳಿದ್ದರಿಂದ ಅರ್ಥ ಬರೆದು, ಎರಡು ಸಲ ಓದಿ ಹೇಳಿದ್ದೇನೆ. ಅದರಡಿ ಆ ಪರದೇಶದ ಊರಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದ ನಮ್ಮವರೊಬ್ಬರ ಹೆಸರು, ತಾರೀಖು. ಪ್ರಧಾನಿ ಸಹಿ ಮಾಡಿದ ದಿನಕ್ಕೂ ಇದಕ್ಕೂ ನಲವತ್ತು ದಿನದ ಅಂತರ.

“ಇನ್ನೂ ಇದೆ ಅಪ್ಪ,” ಎಂದಳು. “ಇದು ಅಜ್ಜನ ಅಕ್ಷರ.”

ಅಂಚಿನಲ್ಲಿ ನಾಲ್ಕು ಹಡಗುಗಳ ತಾರೀಖುಗಳಿದ್ದವು. ನಾಲ್ಕನೆಯದು ಮೊದಲನೆಯದಕ್ಕಿಂತ ಮೂರು ವರ್ಷ ಈಚಿನದು. ನಾಲ್ಕರ ಮೇಲೂ ಒಂದೊಂದು ಗೆರೆ ಎಳೆದಿತ್ತು.

ಅಂಗಡಿಯಾಕೆ ಇಬ್ಬರ ಮುಖವನ್ನೂ ನೋಡಿದಳು. ಆಮೇಲೆ, “ಇದರಿಂದ ಬೆಲೆ ಇಳಿಯಲ್ಲ, ಏರುತ್ತೆ,” ಎಂದಳು. “ದೊರೆಗೆ ಬಂದದ್ದು ಅಡುಗೆಯವರ ಮನೇಲಿ ಹೇಗೆ ಸಿಕ್ಕಿತು ಅಂತ ಕೇಳಿದ್ರೆ, ಇದೇ ಸಾಕ್ಷಿ. ಅಳಿಸೋಕೆ ಹೋಗಬೇಡಿ.”

“ಮಾರಿಬಿಡಿ,” ಎಂದ ಮಗ. “ಇವತ್ತೇ.”

ಬಸ್ಸಿನಲ್ಲಿ ಮೊಮ್ಮಗಳು, “ಅಜ್ಜಿಗೆ ಹೇಳೋದು ಬೇಡ ಅಪ್ಪ,” ಎಂದಳು. ಮಗ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ. ಇಳಿಯುವ ನಿಲ್ದಾಣ ದಾಟಿ ಹೋದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಮನೆಯಲ್ಲಿ ಸೊಸೆ ಸಂಜೆಯ ಊಟಕ್ಕೆ ತಟ್ಟೆ ಇಡುತ್ತಿದ್ದಳು. ಅಜ್ಜ ಹೊಸ ಕನ್ನಡಕ ಹಾಕಿಕೊಂಡು ಮೇಜಿನ ತುದಿಯಲ್ಲಿ ಕೂತಿದ್ದ. ಮಗ ಬೂಟು ಬಿಚ್ಚದೆ ಒಳಗೆ ಬಂದು ಅವನ ಎದುರು ನಿಂತ.

“ರಟ್ಟು ತೆಗೆದ್ರು,” ಎಂದ.

ಅಜ್ಜ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

“ಓದಿ ಹೇಳಿದವರು ಯಾರು?” ಎಂದ ಮಗ.

“ಔಷಧಿ ಅಂಗಡಿಯವನು.”

“ದೊರೆ ನಿಮಗೆ ಸುಳ್ಳು ಹೇಳಲಿಲ್ಲ.”

“ಇಲ್ಲ. ಇದು ನಿನಗೆ ಸೇರಿದ್ದು, ಯಾರ ಕೈಲಾದ್ರೂ ಓದಿಸ್ಕೋ ಅಂತಲೇ ಕೊಟ್ರು. ಉಳಿದ ನಾಲ್ಕು ಜನ ಆ ವರ್ಷವೇ ಹೊರಟ್ರು. ಅವರೆಲ್ಲ ದೂರದ ಊರಿನವರು, ಇಲ್ಲಿ ಯಾರಿಗೂ ಗೊತ್ತಾಗಲಿಲ್ಲ.”

ಸೊಸೆ ಕೈಯಲ್ಲಿದ್ದ ತಟ್ಟೆಯನ್ನು ಎದೆಗೆ ಒತ್ತಿಕೊಂಡಳು. ಅಜ್ಜಿ ಒಳಕೋಣೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಏನಾಯಿತೆಂದು ಅವಳಿಗೆ ಮೊಮ್ಮಗಳು ನಾಲ್ಕು ಮಾತಿನಲ್ಲಿ ಹೇಳಿದಳು, ಹೇಳುತ್ತಲೇ ಅತ್ತಳು.

“ಮತ್ತೆ ಯಾಕೆ ಬರಲಿಲ್ಲ?” ಎಂದ ಮಗ.

“ದೊರೆ ಒಂಟಿಯಾಗ್ತಿದ್ರು.”

“ಅಪ್ಪ, ನಿಜ ಹೇಳಿ. ನಾನು ಹನ್ನೆರಡು ವರ್ಷದವನಿದ್ದೆ. ಕಬ್ಬಿಣದ ಚೂರು ಕಾಲಿಗೆ ಚುಚ್ಚಿ ಕುಂಟುತ್ತ ಮನೆಗೆ ಬರ್ತಿದ್ದೆ. ನಿಜ ಹೇಳಿ.”

ಅಜ್ಜ ಮೇಜಿನ ಮೇಲಿದ್ದ ಕನ್ನಡಕದ ಕಾಲುಗಳನ್ನು ಮಡಿಸಿದ.

“ಅಲ್ಲಿ ನನಗೆ ಒಂದು ರೂಮಿತ್ತು,” ಎಂದ ಆಮೇಲೆ. “ತೋಟದ ಕಡೆ ಕಿಟಕಿ. ಬೆಳಗ್ಗೆ ಎದ್ರೆ ಒಬ್ಬರಿಗೆ ಅಡುಗೆ ಮಾಡಿದ್ರೆ ಆಯ್ತು. ಯಾರೂ ನನ್ನ ಏನೂ ಕೇಳ್ತಿರಲಿಲ್ಲ. ಇಲ್ಲಿ ಬಾಡಿಗೆ ಮನೆ, ಯಾವುದೋ ಹೋಟೆಲಿನ ಒಲೆ, ಎರಡು ಮಕ್ಕಳು. ಇನ್ನೊಂದು ಹಡಗು ನೋಡೋಣ ಅಂದ್ಕೊಂಡೆ. ಅದು ಹೋಯ್ತು. ಆಮೇಲೆ ಇಷ್ಟು ದಿನ ಯಾಕೆ ಬರಲಿಲ್ಲ ಅಂತ ನೀವು ಕೇಳ್ತೀರಿ ಅನ್ನೋ ಹೆದರಿಕೆ. ಅದಕ್ಕೇ ಇನ್ನೊಂದು ಹೋಯ್ತು.”

ಅಜ್ಜಿ ಮೇಜಿನ ಹತ್ತಿರ ಬಂದಳು. ಕೂಗಲಿಲ್ಲ.

“ಒಂದು ಮಾತು ಹೇಳಿ ಸಾಕು. ಚಿಕ್ಕವಳು ಹೋದದ್ದು ನೀವು ಅದನ್ನ ಓದಿಸೋಕೆ ಮುಂಚೆಯೋ, ಆಮೇಲೋ?”

ಅವಳಿಗೆ ಲೆಕ್ಕ ಗೊತ್ತಿಲ್ಲದೆ ಇರಲಿಲ್ಲ. ಅವನ ಬಾಯಿಂದ ಬರಬೇಕಿತ್ತು.

“ಆಮೇಲೆ,” ಎಂದ ಅಜ್ಜ.

“ತಂತಿ ಸಿಕ್ಕಿತ್ತಾ?”

“ಸಿಕ್ಕಿತ್ತು.”

ಅಜ್ಜಿ ಒಂದು ಕುರ್ಚಿ ಎಳೆದುಕೊಂಡು ಕೂತಳು. ಮೊನ್ನೆ ಇದೇ ಸೆರಗಿನಿಂದ ಇವನ ಮುಖ ಒರೆಸಿದ್ದೆ ಎಂದು ಅವಳಿಗೆ ನೆನಪಾಗಿರಬೇಕು. ಸೆರಗನ್ನು ಮುಷ್ಟಿಯಲ್ಲಿ ಮುದ್ದೆ ಮಾಡಿ ಹಿಡಿದಿದ್ದಳು.

“ಏಳಿ,” ಎಂದ ಮಗ ಅಪ್ಪನಿಗೆ. “ಪೆಟ್ಟಿಗೆ ತುಂಬ್ಕೊಳ್ಳಿ. ಈ ಮನೇಲಿ ನಿಮಗೆ ಜಾಗ ಇಲ್ಲ.”

ಅಜ್ಜ ಎದ್ದ. ಎದ್ದ ರೀತಿಯಲ್ಲಿ ಏನೋ ಒಂದು ಹಗುರ ಇತ್ತು, ಯಾರಾದರೂ ಹೀಗೆ ಹೇಳಲಿ ಎಂದೇ ಕಾದಿದ್ದವನ ಹಾಗೆ. ಅದನ್ನು ಅಜ್ಜಿ ನೋಡಿದಳು.

“ಕೂರಿ,” ಎಂದಳು. “ಎಲ್ಲಿಗೂ ಹೋಗೋದು ಬೇಡ. ಹೋಗೋದು ನಿಮಗೆ ಸುಲಭ. ಇಲ್ಲೇ ಇರಿ.”

“ಅಮ್ಮ—” ಎಂದ ಮಗ.

“ನೀನು ಬೂಟು ಬಿಚ್ಚಿ ಬಾ. ಅನ್ನ ಆರುತ್ತೆ.”

ಅಂದು ಎಲ್ಲರೂ ಉಂಡರು. ಅಜ್ಜ ಕೂಡ ಉಂಡ.

ಕಾಗದವನ್ನು ಒಂದು ವಸ್ತುಸಂಗ್ರಹಾಲಯ ಕೊಂಡಿತು. ಪೇಪರಿನಲ್ಲಿ ಅದರ ಚಿತ್ರ ಬಂತು: ಸೋತವನ ಆಳುಗಳನ್ನೂ ಮರೆಯದ ಪ್ರಧಾನಿಯ ದೊಡ್ಡ ಮನಸ್ಸು ಎಂದು ಅಡಿಯಲ್ಲಿ ಬರೆದಿದ್ದರು. ಸೊಸೆ ಆ ಹಾಳೆಯನ್ನು ಪಾತ್ರೆ ಇಡುವ ಗೂಡಿಗೆ ಹಾಸಿದಳು. ಮಗ ಲೇತ್ ಕೊಂಡ. ಅದನ್ನು ಹಳೆಯ ಜಾಗದಿಂದ ಕಿತ್ತು, ಉರುಳೆಗಳ ಮೇಲೆ ತಳ್ಳಿ, ಬೀದಿ ಕೊನೆಯ ಶೆಡ್ಡಿನಲ್ಲಿ ನೆಲಕ್ಕೆ ಬೋಲ್ಟು ಹಾಕುವಷ್ಟರಲ್ಲಿ ಒಂದು ವಾರ ಹಿಡಿಯಿತು. ಮೊದಲ ದಿನ ಅದು ತಿರುಗಿದಾಗ ಸೊಸೆ ಪಕ್ಕದಲ್ಲಿ ನಿಂತಿದ್ದಳು. ಖುಷಿಯಾಗಬೇಕಿತ್ತು. “ನಮ್ಮದೇ ಆಯ್ತಲ್ಲ,” ಎಂದಳು. “ಹೂಂ,” ಎಂದ ಅವನು, ಕಣ್ಣೆತ್ತದೆ.

ಮನೆಯಲ್ಲಿ ಯಾರೂ ಅಜ್ಜನನ್ನು ಬೈಯಲಿಲ್ಲ. ತಟ್ಟೆ ಇಡುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು. ಅಜ್ಜಿ ತನ್ನ ಹಾಸಿಗೆಯನ್ನು ಮೊಮ್ಮಗಳ ಕೋಣೆಗೆ ಒಯ್ದಳು. ದೂರದ ಊರಿನಲ್ಲಿದ್ದ ತಂಗಿಯ ಮನೆಗೆ ಹೋಗಿ ಇರುತ್ತೇನೆ ಎಂದು ಅವನು ಎರಡು ಸಲ ಕೇಳಿದ. ಎರಡು ಸಲವೂ ಅಜ್ಜಿ, “ಬೇಡ,” ಎಂದಳು.

ಶೆಡ್ಡಿನ ಕೆಲಸ ಹೆಚ್ಚಾದ ಮೇಲೆ ಮಗ ಮಧ್ಯಾಹ್ನದ ಊಟಕ್ಕೆ ಮನೆಗೇ ಬರತೊಡಗಿದ. ಸೊಸೆಗೆ ಆಸ್ಪತ್ರೆಯಲ್ಲಿ ಬೆಳಗಿನ ಪಾಳಿ. ಅಜ್ಜಿಯ ಭುಜ ಸೌಟು ತಿರುಗಿಸಲೂ ಬಾರದಷ್ಟು ಹಿಡಿದುಕೊಂಡಿತ್ತು. ಒಂದು ಶುಕ್ರವಾರ ಬೆಳಗ್ಗೆ ಅವಳು ಅಜ್ಜನ ಕುರ್ಚಿಯ ಮುಂದೆ ತರಕಾರಿಯ ಚೀಲವನ್ನೂ ಮಾಂಸದ ಪೊಟ್ಟಣವನ್ನೂ ಇಟ್ಟಳು.

“ಇವತ್ತಿಂದ ಅಡುಗೆ ನಿಮ್ಮದು.”

ಊರಿಗೆ ಬಂದ ಮೇಲೆ ಅವನು ಒಲೆ ಹಚ್ಚಿದವನಲ್ಲ. ದೊರೆಗೆ ಮಾಡಿದ ಕೈ, ಇನ್ನು ಯಾರಿಗೂ ಮಾಡುವುದಿಲ್ಲ ಎಂದು ಬಂದ ದಿನವೇ ಹೇಳಿದ್ದ. ಅದನ್ನೂ ಒಂದು ದೊಡ್ಡತನವೆಂದು ಮನೆಯವರು ಒಪ್ಪಿಕೊಂಡಿದ್ದರು. ಈಗ ಅವನು ಎದ್ದು ಅಂಗಿಯ ತೋಳು ಮಡಿಸಿದ. ಚಾಕುವನ್ನು ಮಸೆದ. ಈರುಳ್ಳಿಯನ್ನು ಕಾಗದದಷ್ಟು ತೆಳ್ಳಗೆ ಹೆಚ್ಚಿ, ಸಣ್ಣ ಉರಿಯಲ್ಲಿ ಒಂದು ಗಂಟೆ ಬಾಡಿಸಿದ. ಮಾಂಸ ಬೇಯುವವರೆಗೂ ಪಾತ್ರೆಯ ಪಕ್ಕದಿಂದ ಕದಲಲಿಲ್ಲ. ಹನ್ನೆರಡು ಹೊಡೆಯುವ ಹೊತ್ತಿಗೆ ವಾಸನೆ ಬೀದಿಗೆ ಹೋಗಿ, ಪಕ್ಕದ ಮನೆಯಾಕೆ ಕಿಟಕಿಯಿಂದ ಇಣುಕಿ, “ಏನಿವತ್ತು ವಿಶೇಷ?” ಎಂದು ಕೇಳಿದಳು.

ಮಗ ಕೈ ತೊಳೆದು ಬಂದು ಕೂತ. ಉಗುರಿನ ಸಂದಿಯಲ್ಲಿ ಎಣ್ಣೆಯ ಕಪ್ಪು ಹಾಗೇ ಇತ್ತು. ಮೊಮ್ಮಗಳು, ಅಜ್ಜಿ ಕೂತರು. ಅಜ್ಜ ಬಡಿಸಿ, ಸೌಟು ಹಿಡಿದು, ಗೋಡೆಯ ಪಕ್ಕ ಎರಡು ಹೆಜ್ಜೆ ಹಿಂದೆ ನಿಂತ. ಕೂರಿ ಎಂದು ಯಾರೂ ಅನ್ನಲಿಲ್ಲ.

ಮಗ ಒಂದು ತುತ್ತು ಬಾಯಿಗಿಟ್ಟ. ಅಗಿದ. ಇನ್ನೊಂದು ತುತ್ತು ಇಟ್ಟ. ಅಷ್ಟು ರುಚಿಯಾದ ಊಟವನ್ನು ಅವನು ಹುಟ್ಟಿದ ಮೇಲೆ ಉಂಡಿರಲಿಲ್ಲ. ಮಾಂಸ ನಾಲಿಗೆಯ ಮೇಲೇ ಕರಗಿತು. ನಲವತ್ತೇಳು ವರ್ಷ ತನ್ನದಾಗಬಹುದಾಗಿದ್ದ ರುಚಿ ಅದು ಎಂದು ಅವನಿಗೆ ಗೊತ್ತಾದಾಗ ಮೂರನೇ ತುತ್ತು ಗಂಟಲಿನಲ್ಲಿ ಇಳಿಯಲಿಲ್ಲ.

“ಅಪ್ಪ, ನೀರು ಕೊಡ್ಲಾ?” ಎಂದಳು ಮೊಮ್ಮಗಳು.

ಅವನು ತಲೆಯಾಡಿಸಿ, ತಟ್ಟೆ ಸರಿಸಿ ಎದ್ದ. ಶೆಡ್ಡಿನ ಕಡೆ ಹೋದ. ಸ್ವಲ್ಪ ಹೊತ್ತಿಗೆ ಬೀದಿಯ ಕೊನೆಯಿಂದ ಲೇತ್ ತಿರುಗುವ ಸದ್ದು ಕೇಳಿಸಿತು.

“ಸರಿಯಾಗಿಲ್ಲವಾ?” ಎಂದ ಅಜ್ಜ, ಅಜ್ಜಿಯನ್ನು ನೋಡುತ್ತ.

ಅಜ್ಜಿ ಉಣ್ಣುತ್ತಲೇ ಇದ್ದಳು. ಅವಸರವಿಲ್ಲದೆ, ಒಂದು ಅಗುಳೂ ಬಿಡದೆ ತಟ್ಟೆ ಮುಗಿಸಿದಳು. ಬೆರಳು ಒರೆಸಿಕೊಂಡಳು.

“ಚೆನ್ನಾಗಿದೆ,” ಎಂದಳು. “ಚಿಕ್ಕವಳು ಇದ್ದಿದ್ರೆ ಇನ್ನೊಂದು ಸಲ ಹಾಕಿಸ್ಕೊಳ್ತಿದ್ದಳು.”